ಎಡಸೀಟಿನ ಹಟಮಾರಿ ಬೋಲ್ಟು

ಧರ್ಮಪುರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡಂತಿರುವ ಹಟ್ಟಿಯಲ್ಲಿ ಜುಂಜಣ್ಣನ ಮನೆ ಯಾವುದೆಂದು ಕೇಳಿದರೆ ಎಲ್ಲರೂ ವ್ಯಾನನ್ನೇ ತೋರಿಸುತ್ತಾರೆ. ಬಣ್ಣ ಯಾವುದಿತ್ತೆಂದು ಈಗ ಅವನಿಗೂ ನೆನಪಿಲ್ಲದಷ್ಟು ಹಳೆಯದು. ಮಂದೆ ತುಂಬಿ ತುಳುಕುತ್ತಿದ್ದ ಕಾಲದಲ್ಲಿ ಕುರಿಮರಿಗಳನ್ನು ಸಂತೆಗೆ ಸಾಗಿಸಲೆಂದು ತಂದದ್ದು. ಆಗ ಜುಂಜಣ್ಣ ಬೇಸಿಗೆ ಬಂತೆಂದರೆ ಕುರಿ ಹೊಡೆದುಕೊಂಡು ಭದ್ರಾ ನಾಲೆಯ ಗದ್ದೆ ಬಯಲಿನವರೆಗೂ ನಡೆದು ಹೋಗುತ್ತಿದ್ದ, ಕಾಲುನೋವು ಎಂದವನಲ್ಲ. ಈಗ ಕೂತು ಗಾಡಿ ಓಡಿಸಿಯೇ ಸುಸ್ತಾಗುತ್ತಾನೆ.

ಕಾರಣ ಅವನ ಹೆಂಡತಿ ನಾಗಕ್ಕ. ಅವಳ ಕಿಡ್ನಿ ಕೈಕೊಟ್ಟಿತ್ತು. ವಾರಕ್ಕೆ ಎರಡು ಸಲ ಹಿರಿಯೂರಿಗೆ ಹೋಗಿ ರಕ್ತ ಶುದ್ಧ ಮಾಡಿಸಿಕೊಂಡು ಬರಬೇಕು. ಬಸ್ಸಿನಲ್ಲಿ ಹೋಗುವುದೇನೋ ಆದೀತು, ಬರುವಾಗ ಅವಳು ನಿಲ್ಲಲಾರಳು. ಕುರಿ ಮೇಯಿಸುವುದಕ್ಕೂ ಆಸ್ಪತ್ರೆಗೂ ಹೊಂದದೆ ಜುಂಜಣ್ಣ ಮಂದೆಯನ್ನು ಭಾವಮೈದ ಬೀರಪ್ಪನಿಗೆ ಒಪ್ಪಿಸಿ, ಮುದ್ದೆ ತಿರುವುವುದರಿಂದ ಹಿಡಿದು ಬಟ್ಟೆ ಒಗೆಯುವವರೆಗೆ ಎಲ್ಲವನ್ನೂ ತಲೆಗೆ ಕಟ್ಟಿಕೊಂಡಿದ್ದ.

ಹಿಂದಿನ ಸರದಿಗೆ ನಾಗಕ್ಕ ಹೊರಡಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. "ಆ ಸೀಟಿನ ಕಂಬಿ ಬೆನ್ನಿಗೆ ಚುಚ್ತೈತೆ. ಅದರಾಗೆ ಕುಂತು ಬರಾಕೆ ನನ್ ಕೈಲಾಗಲ್ಲ" ಎಂದಳು. ಜುಂಜಣ್ಣ ಬೈದ, ರಮಿಸಿದ, ಗೋಗರೆದ. ಅವಳು ಜಪ್ಪಯ್ಯ ಎನ್ನಲಿಲ್ಲ. ಆಮೇಲೆ ಅವಳ ಪಾದ ಊದಿದವು, ಮುಖ ಊದಿತು, ಉಸಿರು ಭಾರವಾಯಿತು. ಇನ್ನೊಂದು ಸರದಿ ತಪ್ಪಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಅವನು ಹಿರಿಯೂರಿನ ಗುಜರಿಯಿಂದ ಅದೇ ಜಾತಿಯ ಗಾಡಿಯ ಒಳ್ಳೆಯ ಸೀಟೊಂದನ್ನು ಹುಡುಕಿ ತಂದಿದ್ದ. ನಾಳೆ ಬೆಳಿಗ್ಗೆಯೇ ಆಸ್ಪತ್ರೆ. ಇವತ್ತು ಹಳೇ ಸೀಟು ಕಿತ್ತು ಹೊಸದು ಕೂರಿಸಿದರೆ ಅವಳು ಬರುತ್ತಾಳೆ, ಇಲ್ಲದಿದ್ದರೆ ಇಲ್ಲ.

ಬಿಸಿಲೇರುವ ಮುಂಚೆ ಕೆಲಸಕ್ಕೆ ಕೂತ. ಸೀಟನ್ನು ಹಿಡಿದಿದ್ದವು ನಾಲ್ಕು ಬೋಲ್ಟು. ಮುಂದಿನ ಎರಡು ಮರ್ಯಾದೆಯಿಂದ ಬಿಚ್ಚಿಕೊಂಡವು. ಹಿಂದಿನವಕ್ಕೆ ಕೈ ಹಾಕಲು ಸೀಟಿನ ಹಿಂದೆ ಬಿದ್ದಿದ್ದ ಚೀಲವನ್ನು ಎಳೆದರೆ ಅದು ಮೇಲೇಳಲಿಲ್ಲ. ಕುರಿಗಳಿಗೆ ನೆಕ್ಕಿಸಲು ಇಟ್ಟುಕೊಂಡಿದ್ದ ಕಲ್ಲುಪ್ಪು! ಮಳೆಗಾಲಗಳಲ್ಲಿ ನೀರು ಬಿಟ್ಟು, ಬೇಸಿಗೆಗಳಲ್ಲಿ ಒಣಗಿ, ತಗಡಿಗೆ ಕಚ್ಚಿಕೊಂಡಿತ್ತು. ಕುರಿ ಹೋದ ಮೇಲೂ ಚೀಲ ತೆಗೆಯಲು ಅವನಿಗೆ ಮನಸ್ಸಾಗಿರಲಿಲ್ಲ. ಅದರ ಅಡಿಯಲ್ಲಿ ಎರಡೂ ಬೋಲ್ಟುಗಳು ತುಕ್ಕು ಹಿಡಿದು ಗಂಟಾಗಿದ್ದವು.

ಇಲ್ಲಿ ಜುಂಜಣ್ಣ ಕುರುಬನ ಬುದ್ಧಿಯನ್ನೇ ಓಡಿಸಿದ. ಕುರಿಯ ಗೊರಸು ಕೊಳೆತರೂ ಬೇವಿನೆಣ್ಣೆ, ಗಾಯಕ್ಕೂ ಬೇವಿನೆಣ್ಣೆ, ತನ್ನ ಮೊಣಕಾಲಿಗೂ ಅದೇ. ಬೋಲ್ಟಿಗೂ ಧಾರಾಳವಾಗಿ ಸುರಿದ. ಆ ಮಂದ ಎಣ್ಣೆ ತುಕ್ಕಿನೊಳಗೆ ಇಳಿಯುವುದುಂಟೇ? ಮೇಲೆ ಜಿಡ್ಡಾಗಿ ನಿಂತಿತು. ಸರಿಯಾದ ಸ್ಪ್ಯಾನರ್ ಎಲ್ಲೋ ಕಳೆದಿತ್ತು. ಒಂದು ನಂಬರು ದೊಡ್ಡದನ್ನೇ ತಗಡಿನ ಚೂರು ತುರುಕಿ ಬಿಗಿ ಮಾಡಿ ಹಾಕಿದ. ಮೂರನೆಯದು ಹೇಗೋ ಬಂತು. ನಾಲ್ಕನೆಯದರ ಮೇಲೆ ಸ್ಪ್ಯಾನರ್ ಜಾರಿತು, ಮತ್ತೆ ಜಾರಿತು. ಮೂಲೆಗಳೆಲ್ಲ ಸವೆದು ಬೋಲ್ಟಿನ ತಲೆ ಗೋಲಿಯಂತೆ ದುಂಡಗಾಯಿತು. ಅವನ ಬೆರಳ ಗಿಣ್ಣುಗಳು ಸೀಟಿನ ಕಂಬಿಗೆ ಉಜ್ಜಿ ಸುಲಿದು ಹೋದವು.

ಧರ್ಮಪುರದ ಮೆಕ್ಯಾನಿಕ್ ರವೀಂದ್ರನಿಗೆ ಫೋನು ಮಾಡಿದ. ಅವನು ಹೊಸದುರ್ಗದಲ್ಲಿ ಯಾವುದೋ ಮದುವೆಯಲ್ಲಿದ್ದ. ಹಿಂದೆ ಓಲಗ ಅಬ್ಬರಿಸುತ್ತಿತ್ತು.

"ಬೇವಿನೆಣ್ಣೆ ಬಿಟ್ಯಾ? ಯಣ್ಣಾ, ಬೋಲ್ಟೇನು ನಿನ್ ಟಗರಾ?" ರವೀಂದ್ರ ನಕ್ಕ. ಇವನು ನಗಲಿಲ್ಲವೆಂದು ತಿಳಿದು ದನಿ ತಗ್ಗಿಸಿದ. "ಮೊದ್ಲು ಆ ಜಿಡ್ಡು ಒರೆಸು. ಡೀಸೆಲ್ ಬಿಟ್ಟು ನೆನೆಯಾಕ್ ಬಿಡು. ಆಮೇಲೆ ಚಾಣ ತಗಂಡು ತಲೆ ಅಂಚಿಗೆ ಒಂದು ಕಚ್ಚು ಮಾಡು. ಆ ಕಚ್ಚಿಗೇ ಚಾಣ ಓರೆ ಇಟ್ಟು ಬಿಚ್ಚೋ ಕಡೀಕೆ ಹೊಡಿ. ಬೆಂಕಿ ಮಾತ್ರ ತೋರಿಸ್ಬ್ಯಾಡ, ಪೆಟ್ರೋಲ್ ಗಾಡಿ."

ಪಕ್ಕದ ಮನೆಯ ಟ್ರ್ಯಾಕ್ಟರಿನಿಂದ ಒಂದು ಲೋಟ ಡೀಸೆಲ್ ತಂದು ಬಿಟ್ಟ. ಅದು ನೆನೆಯುವಷ್ಟರಲ್ಲಿ ಒಲೆ ಹಚ್ಚಿ ಉಪ್ಪಿಲ್ಲದ ಸಾರು ಕಾಯಿಸಿದ. ನಾಗಕ್ಕನಿಗೆ ಕೊಟ್ಟ, ತಾನೂ ಅದನ್ನೇ ಉಂಡ, ಇನ್ನೊಂದು ಸಾರು ಮಾಡುವ ತ್ರಾಣವಿರಲಿಲ್ಲ. ತಿರುಗಿ ಬಂದು ವ್ಯಾನಿನೊಳಗೆ ಮಂಡಿಯೂರಿದ. ಬಾಗಿದರೆ ಸೊಂಟ, ಎದ್ದರೆ ತಲೆಸುತ್ತು. ಹೊಡೆದ. ಚಾಣ ಹಾರಿತು. ಮತ್ತೆ ಹೊಡೆದ. ಒಂದು ಹೊತ್ತಿನಲ್ಲಿ ಸುತ್ತಿಗೆ ಕೆಳಗಿಟ್ಟು, ಇದೆಲ್ಲ ಯಾರಿಗೆ ಬೇಕು, ಎದ್ದು ಮಂದೆಯ ಹಿಂದೆ ಹೋಗಿಬಿಡಲೇ ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಸುತ್ತಿಗೆ ಮತ್ತೆ ಎತ್ತಿಕೊಂಡ.

ಹೊತ್ತು ಬಾಗುವಾಗ ಬೋಲ್ಟು ಕಿರ್ರೆಂದಿತು. ಕೂದಲೆಳೆಯಷ್ಟು ತಿರುಗಿತು. ಆಮೇಲೆ ಇಕ್ಕಳದಲ್ಲಿ ಹಿಡಿದು ಒಂದೊಂದೇ ಸುತ್ತು ಬಿಚ್ಚಿದ. ಗುಜರಿಯ ಸೀಟನ್ನು ಎತ್ತಿಟ್ಟು, ಅದರ ಜೊತೆಗೇ ಕೊಟ್ಟಿದ್ದ ಬೋಲ್ಟು ಹಾಕಿ ಬಿಗಿದು, ನಾಗಕ್ಕನನ್ನು ತೋಳು ಹಿಡಿದು ನಡೆಸಿಕೊಂಡು ಬಂದ.

ಅವಳು ಕೂತಳು. ಒರಗಿದಳು.

"ಹೆಂಗೈತೆ? ಚುಚ್ತೈತಾ?"

"ಇಲ್ಲ. ಮೆತ್ತಗೈತೆ." ಅವಳು ಅವನ ಸುಲಿದ ಗಿಣ್ಣುಗಳನ್ನು ನೋಡುತ್ತಿದ್ದಳು. "ಆ ಸೀಟೂ ಅಷ್ಟೇನ್ ಚುಚ್ತಿರ್ಲಿಲ್ಲ ಕಣಪ್ಪ."

ಜುಂಜಣ್ಣನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ನೆತ್ತಿಗೇರಿತು. "ಮತ್ಯಾಕೆ ಬರಲ್ಲ ಅಂದೆ? ಬೆಳಿಗ್ಗೆಯಿಂದ ನಾನಿಲ್ಲಿ ಸಾಯ್ತಿದೀನಿ!"

"ಅದ್ರ ಹಿಂದಿನ ಸಲ ಆಸ್ಪತ್ರೆಯಿಂದ ಬರೋವಾಗ ಗಾಡಿ ಹೊಡೀತಾ ಹೊಡೀತಾ ತೂಕಡಿಸಿದೆ. ಎದುರಿಗೆ ಲಾರಿ. ನಾ ಕೂಗಿದ್ದಕ್ಕೆ ಎಚ್ಚರಾತು ನಿಂಗೆ. ಮನೇಗೆ ಬಂದು ನೀರೂ ಕುಡೀದಂಗೆ ಒಲೆ ಮುಂದೆ ಕುಂತೆ. ನಿನ್ ಮುಖ ನೋಡಾಕಾಗಲಿಲ್ಲ. ನಾನು ಹೋಗಾದು ಬಿಟ್ರೆ ನೀನಾದ್ರೂ ಮಲಗ್ತೀಯ ಅಂದ್ಕಂಡೆ. ನೀನು ನೋಡಿದ್ರೆ ಸೀಟು ಹೊತ್ಕಂಡು ಬಂದೆ."

ಅವನ ಸಿಟ್ಟು ಎಲ್ಲಿ ಹೋಯಿತೋ. ವ್ಯಾನಿನ ಬಾಗಿಲ ಬಳಿ, ಅವಳ ಊದಿದ ಕಾಲಿನ ಪಕ್ಕ, ಮಣ್ಣಿನಲ್ಲೇ ಕುಸಿದು ಕೂತ.

"ನಂಗೆ ಸಾಕಾಗೈತೆ ನಾಗಿ. ಸುಳ್ಳು ಹೇಳಲ್ಲ. ಆ ದಾರಿ ಸಾಕಾಗೈತೆ, ಒಲೆ ಸಾಕಾಗೈತೆ, ಈ ಗಾಡಿ ಸಾಕಾಗೈತೆ. ನೀನು ಸಾಕಾಗಿಲ್ಲ."

ನಾಗಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, "ಹೋಗಾಣ ಬಿಡು" ಎಂದಳು. "ಬರೋವಾಗ ದಾರೀಲಿ ಎಲ್ಲಾನ ನೆಳ್ಳಿಗೆ ಗಾಡಿ ನಿಲ್ಸಿ ಮಲಗ್ಬೇಕು ನೀನು. ಒಪ್ಕಂಡ್ರೆ ಬರ್ತೀನಿ. ಒಪ್ತೀಯಾ?"

ಅವಳು ಬಾಗಿ ನೋಡಿದಳು. ಜುಂಜಣ್ಣ ವ್ಯಾನಿಗೆ ತಲೆ ಒರಗಿಸಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ನಾಗಕ್ಕ ಮತ್ತೆ ಕೇಳಲಿಲ್ಲ. ಇಳಿದರೆ ಅವನಿಗೆ ಎಚ್ಚರವಾದೀತೆಂದು ಹೊಸ ಸೀಟಿನಲ್ಲೇ ಅಲುಗದೆ ಕೂತಳು.