ಟ್ರಕ್ಕಿನ ವಯಸ್ಸು ಹೇಳುವವ
ಸಾಯುವ ಹಿಂದಿನ ದಿನವೂ ದಲಾಲ ಬಸಗೊಂಡ ಇಚಲಕರಂಜಿಯಲ್ಲಿ, ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆಯ ಟ್ರಕ್ಕೊಂದನ್ನು ಎತ್ತಿನಂತೆ ತಟ್ಟಿ, ಟೈರು ತಡವಿ ವಯಸ್ಸು ಹೇಳಿ, ಟವೆಲಿನಡಿ ಬೆರಳು ಹಿಡಿದು ಬೆಲೆ ಕುದುರಿಸಿ ಬಂದಿದ್ದ. ದನದ ಪೇಟೆ ಬಿಟ್ಟು ಮೋಟಾರಿಗೆ ಇಳಿದರೂ ಕೈ ಹಳೆಯದೇ. ಯಾರಾದರೂ “ಡಿಲಕ್ಸ್ ಐತೇನ್ರಿ?” ಎಂದರೆ, “ಮೆತ್ತನ್ನ ಗಾದಿ, ಗಡಿಯಾರ ಇದ್ರ ಡಿಲಕ್ಸ್. ನೀವು ಹೇರೋದು ಕಬ್ಬು, ಅದು ಗಾದಿ ಮ್ಯಾಲ ಕುಂತು ಟೈಮ್ ನೋಡತೈತೇನು? ಭಾರ ಹೊರೋ ಸ್ಪ್ರಿಂಗಿನ ಪಟ್ಟಿ ಎಷ್ಟದಾವ ಎಣಸ್ರಿ!” ಎಂದು ರೇಗುತ್ತಿದ್ದ. “ಬಾಲಾನೂ ಹಿಂಡಿ ನೋಡ್ರಿ, ಓಡೀತು,” ಎಂದು ಹೆಂಡತಿ ಅನ್ನವ್ವ ಚುಡಾಯಿಸುತ್ತಿದ್ದಳು. ಊರಿನ ಗಾಡಿಗಳನ್ನೆಲ್ಲ ಮಾರಿಸಿದವನು, ಮನೆ ಮುಂದೆ ನಿಂತಿದ್ದ ತನ್ನದೇ ಟ್ರಕ್ಕಿಗೆ ಗಿರಾಕಿ ಬಂದರೆ ಮಾತ್ರ, “ರೇಡಿಯೇಟರ್ ಸೋರತೈತ್ರಿ, ಬ್ಯಾಡ್ರಿ” ಎಂದು ತಾನೇ ಅವರನ್ನು ವಾಪಸ್ ಕಳಿಸುತ್ತಿದ್ದ. ಅವನು ಹೋದ ಮೇಲೆ ಈಗ ಅದನ್ನು ಮಾರಲೆಂದು ಮೈದುನ ಕರೆತರುವ ಗಿರಾಕಿಗಳಿಗೆ ಅನ್ನವ್ವ ಬಾಗಿಲಲ್ಲೇ ಅದೇ ಮಾತು ಹೇಳಿ ಕಳಿಸುತ್ತಾಳೆ. ದಿನಾ ಬೆಳಿಗ್ಗೆ ಎಮ್ಮೆಗಿಂತ ಮೊದಲು ಟ್ರಕ್ಕಿಗೆ ಒಂದು ಕೊಡ ನೀರು ಕುಡಿಸುತ್ತಾಳೆ.