ಕಿಟಕಿಯಲ್ಲಿ ಕೊಟ್ಟ ಬಾಗಿನ

ನನ್ನ ಮೊದಲ ಕಾರು ಬೆಳಗಿನ ಹೊತ್ತು ಬಲು ಸಾಧು. ಬಾಗಲಗುಂಟೆಯ ನಮ್ಮ ಮನೆಯ ಮುಂದೆ ಇರುಳಿಡೀ ಇಬ್ಬನಿಯಲ್ಲಿ ನೆನೆದು ನಿಂತಿದ್ದರೂ ಕೀ ತಿರುಗಿಸಿದ ಕೂಡಲೇ ಕೆಮ್ಮದೆ ಕ್ಯಾಕರಿಸದೆ ಹೊರಟುಬಿಡುತ್ತಿತ್ತು. ಆದರೆ ಒಮ್ಮೆ ಮೈ ಬಿಸಿಯಾದ ಮೇಲೆ ಅದನ್ನು ಆರಿಸಿದಿರೋ, ಮುಗಿಯಿತು. ಸ್ಟಾರ್ಟರ್ ಗರಗರ ತಿರುಗುತ್ತಲೇ ಇರುತ್ತಿತ್ತು, ಎಂಜಿನ್ ಮಾತ್ರ ಹತ್ತುತ್ತಿರಲಿಲ್ಲ. ಮುಕ್ಕಾಲು ಗಂಟೆ ಅದರ ಪಾಡಿಗೆ ಅದನ್ನು ಬಿಟ್ಟರೆ ತಾನೇ ಸಮಾಧಾನ ಮಾಡಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಹೊರಡುತ್ತಿತ್ತು. ಮುನಿಸಿಕೊಂಡು ಊಟ ಬಿಡುವವರು ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ಈ ಸ್ವಭಾವವನ್ನು ನಿಮಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಪೀಣ್ಯದ ಸಣ್ಣದೊಂದು ಕಾರ್ಖಾನೆಯಲ್ಲಿ ಆಗ ನನ್ನದು ತಪಾಸಣೆಯ ಕೆಲಸ. ಲೇತಿನಿಂದ ಇಳಿದ ಬಿಡಿಭಾಗಗಳ ಅಳತೆ ಹಿಡಿದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಿಂದಕ್ಕೆ ಕಳಿಸುವವನು ನಾನು. ಅಂಥವನು ಹಳೆಯ ಕಾರೊಂದನ್ನು ಬರೀ ಬಣ್ಣಕ್ಕೆ ಮರುಳಾಗಿ ಕೊಂಡು ತಂದಿದ್ದೆ. ಮಾದನಾಯಕನಹಳ್ಳಿಯಲ್ಲಿರುವ ನನ್ನ ಭಾವ, ಜಯಕ್ಕನ ಗಂಡ, ಟ್ರ್ಯಾಕ್ಟರನ್ನು ಒಬ್ಬರೇ ಬಿಚ್ಚಿ ಜೋಡಿಸಬಲ್ಲವರು. "ತಗಳಾಕ್ ಮುಂಚೆ ನಂಗೊಂದ್ ಕಿತ ತೋರ್ಸು," ಎಂದಿದ್ದರು. ನಾನು ತೋರಿಸಿರಲಿಲ್ಲ. ನನ್ನ ಕಾರು ಜಗತ್ತಿನ ಯಾವ ಬೀದಿಯಲ್ಲಾದರೂ ಕೆಟ್ಟು ನಿಲ್ಲಲಿ, ಭಾವನ ಮನೆಯ ಮುಂದೆ ಮಾತ್ರ ನಿಲ್ಲಬಾರದು ಎಂಬುದು ನನ್ನ ಆಗಿನ ಏಕೈಕ ಪ್ರಾರ್ಥನೆಯಾಗಿತ್ತು.

ಹಾಗಾಗಿ ಅಲ್ಲಿಗೆ ಹೋದಾಗಲೆಲ್ಲ ನಾನು ಎಂಜಿನ್ ಆರಿಸುತ್ತಲೇ ಇರಲಿಲ್ಲ. ಗೇಟಿನ ಮುಂದೆ ನಿಲ್ಲಿಸಿ, ಹಾರ್ನ್ ಹೊಡೆದು, ನಾಲ್ಕು ಮಾತಾಡಿ, "ಅರ್ಜೆಂಟ್ ಕೆಲ್ಸ ಐತಕ್ಕ," ಎಂದು ಹೊರಟುಬಿಡುತ್ತಿದ್ದೆ. ತುಮಕೂರು ರಸ್ತೆಯಲ್ಲಿ ಆಗ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ಕಾಲ. ಅಕ್ಕನ ಮನೆ ಮುಟ್ಟುವಷ್ಟರಲ್ಲಿ ಲಾರಿಗಳ ಹಿಂದೆ ನಿಂತು ನಿಂತು ಕಾರೂ ನಾನೂ ಸಮಸಮವಾಗಿ ಕಾದಿರುತ್ತಿದ್ದೆವು. ಈಗ ಅದೇ ದಾರಿಯನ್ನು ಸೇತುವೆಯ ಮೇಲೆ ಸರ್ರನೆ ದಾಟುವಾಗ, ಆ ಧೂಳಿನಲ್ಲಿ ಬೆವರುತ್ತಾ ಕುಳಿತಿದ್ದ ನನ್ನನ್ನು ನೆನೆದರೆ ನಗುವೂ ಬರುತ್ತದೆ, ಆ ದಿನಗಳ ಮೇಲೆ ಆಸೆಯೂ ಆಗುತ್ತದೆ.

ಆ ವರ್ಷದ ಗೌರಿ ಹಬ್ಬದಲ್ಲಿ ನನ್ನ ಮೂರ್ಖತನ ಪರಾಕಾಷ್ಠೆ ಮುಟ್ಟಿತು. ತವರಿನ ಬಾಗಿನ ತೆಗೆದುಕೊಂಡು ಒಬ್ಬನೇ ಹೋಗಿದ್ದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಎಂಜಿನ್ ಆರಿಹೋಗುವ ಭಯ. ಅಕ್ಕ ರೇಷ್ಮೆ ಸೀರೆಯುಟ್ಟು, ಹಸಿರು ಬಳೆ ತೊಟ್ಟು ಗೇಟಿಗೆ ಬಂದಳು. ನಾನು ಕುಳಿತಲ್ಲಿಂದಲೇ ಬಾಗಿನದ ಮೊರವನ್ನು ಕಿಟಕಿಯಲ್ಲಿ ತೂರಿಸಿದೆ. ಅದು ಹಿಡಿಯಲಿಲ್ಲ. ಓರೆ ಮಾಡಿದೆ. ಒಳಗಿನ ಅಕ್ಕಿ, ಬೇಳೆ, ಬಳೆ-ಬಿಚ್ಚೋಲೆ ಎಲ್ಲ ಒಂದು ಮೂಲೆಗೆ ಜಾರಿ, ತೆಂಗಿನಕಾಯಿ ರಸ್ತೆಗೆ ಉರುಳಿತು. ಅಕ್ಕ ಬಗ್ಗಿ ಅದನ್ನು ಎತ್ತಿಕೊಂಡಳು. ಒಳಗಿನಿಂದ ಒಬ್ಬಟ್ಟು ಬೇಯುವ ಘಮ ಬರುತ್ತಿತ್ತು, ನಾನು ಗೇರು ಹಾಕಿದೆ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ನಮ್ಮ ಗೇಟಿನ ಮುಂದೆ ಆಟೋ ಬಂದು ನಿಂತಿತು. ಅಕ್ಕ ಒಬ್ಬಳೇ ಇಳಿದಳು, ಆಟೋ ಬುಡುಬುಡು ಎನ್ನುತ್ತಲೇ ಇತ್ತು. ನನ್ನ ಹೆಂಡತಿ ಕುಂಕುಮದ ಬಟ್ಟಲು ತರಲು ಒಳಗೆ ಓಡಿದಳು. ಅಕ್ಕ ಗೇಟಿನ ಆಚೆಯೇ ನಿಂತು ಮದುವೆಯ ಕರೆಯೋಲೆಯನ್ನು ನನ್ನ ಕೈಗೆ ಕೊಟ್ಟಳು.

"ಪುಷ್ಪನ ಮದ್ವೆ. ಪುರಸೊತ್ತಾದ್ರೆ ಬನ್ನಿ. ಅಸೆಮಣೆಗೆ ಕರ್ಕಂಡ್ ಬರಾಕೆ ದೊಡ್ಡಪ್ಪನ ಮಗನಿಗೆ ಏಳಿದೀವಿ. ನಿಮ್ಗೆ ಅರ್ಜೆಂಟ್ ಕೆಲ್ಸ ಇರ್ತದಲ್ಲ."

ಹೆಂಡತಿ ಬಟ್ಟಲು ಹಿಡಿದು ಬರುವಷ್ಟರಲ್ಲಿ ಆಟೋ ಹೋಗಿತ್ತು. ಸೊಸೆಯ ಕೈ ಹಿಡಿದು ಹಸೆಮಣೆಗೆ ಕರೆತರುವುದು ಸೋದರಮಾವನ ಭಾಗ್ಯ. ಅಕ್ಕನ ಮಗಳು ಪುಷ್ಪಾ ಅಂಬೆಗಾಲಿಡುತ್ತಿದ್ದಾಗಿನಿಂದ ಅದು ನನ್ನದೇ ಎಂದುಕೊಂಡಿದ್ದೆ. ನನ್ನ ಒಡಹುಟ್ಟಿದವಳು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಗೇಟು ಹಿಡಿದುಕೊಂಡು ನಿಂತವನಿಗೆ ಅಳು ಬಂತು.

ಮರುದಿನವೇ ಮೆಕ್ಯಾನಿಕ್ ಮುನಿರಾಜುವಿನ ಬಳಿ ಹೋದೆ. ಅವನಿಗೆ ಕಾರನ್ನು ತೋರಿಸುತ್ತಿದ್ದುದು ಅದು ಐದನೆಯ ಸಲ. ಪ್ರತಿ ಸಲವೂ ಅವನು ಕೈಯಲ್ಲಿದ್ದ ಕೆಲಸ ಮುಗಿಸಿ ಬಾನೆಟ್ ಎತ್ತುವಷ್ಟರಲ್ಲಿ ಕಾರು ತಣ್ಣಗಾಗಿ, ಮೊದಲ ತಿರುವಿಗೇ ಹತ್ತಿ, ನನ್ನನ್ನು ಸುಳ್ಳನನ್ನಾಗಿ ಮಾಡಿತ್ತು. ಈ ಸಲ ಅವನಿಗೆ ಕನಿಕರವಾಯಿತು.

"ಸಾರ್, ಇದು ಇಲ್ಲಿಗ್ ಬಂದ್ರೆ ಒಳ್ಳೇದಾಗ್ಬಿಡತ್ತೆ. ಎಲ್ ಕೈ ಕೊಡತ್ತೋ ಅಲ್ಲೇ ನೋಡ್ಬೇಕು. ಬಟ್ಟೆ ಒದ್ದೆ ಮಾಡಿ ಮೊದ್ಲು ಈ ಫ್ಯೂಯಲ್ ಪಂಪ್ ಮೇಲ್ ಹಾಕಿ, ಐದ್ ನಿಮಿಷ ಬಿಟ್ಟು ಕೀ ತಿರುಗ್ಸಿ. ಹತ್ತಲಿಲ್ವಾ, ಕಿಡಿ ಕೊಡೋ ಈ ಕಾಯಿಲ್ ಮೇಲ್ ಹಾಕಿ, ವೈರಿಗೆ ನೀರ್ ತಾಗ್ಬಾರ್ದು. ಯಾವ್ದು ತಣ್ಣಗಾದ್ರೆ ಹತ್ತುತ್ತೋ ಅದೇ ಕಳ್ಳ."

ಮಕ್ಕಳ ಹಣೆಗೆ ಒದ್ದೆ ಬಟ್ಟೆ ಹಾಕುವುದನ್ನು ಕಂಡಿದ್ದೆ, ಯಂತ್ರಕ್ಕೆ ಹಾಕುವುದನ್ನು ಕಂಡಿರಲಿಲ್ಲ. ಎಲ್ಲವೂ ಒಟ್ಟಿಗೆ ಕಾದಿರುವಾಗ ಕೆಟ್ಟದ್ದು ಯಾವುದೆಂದು ಗೊತ್ತಾಗುವುದಿಲ್ಲ, ಒಂದೊಂದನ್ನೇ ತಣಿಸುತ್ತಾ ಬರಬೇಕು. ಮನುಷ್ಯರ ವಿಷಯದಲ್ಲೂ ಹೀಗೆಯೇ ಇರಬಹುದೇನೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ನನ್ನಲ್ಲಿ ಕಾದು ಕೂತಿದ್ದದ್ದು ಭಾವ ನಕ್ಕಾರೆಂಬ ಅಂಜಿಕೆ, ಅಷ್ಟೇ. ಅದಕ್ಕಾಗಿ ಅಕ್ಕನ ಮನೆಯ ಹೊಸ್ತಿಲು ದಾಟದೆ ಒಂದು ವರ್ಷ ಕಳೆದಿದ್ದೆ.

ಭಾನುವಾರ ನಡುಮಧ್ಯಾಹ್ನ ಅಕ್ಕನ ಗೇಟಿನ ಮುಂದೆ ನಿಲ್ಲಿಸಿ ಎಂಜಿನ್ ಆರಿಸಿದೆ. ಆ ಬೀದಿ ಅಷ್ಟು ನಿಶ್ಶಬ್ದವಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಕ್ಕ ಬಾಗಿಲಿಗೆ ಬಂದಳು, ಹಿಂದೆಯೇ ಭಾವ.

"ಅಕ್ಕ, ಇದು ಬಿಸಿ ಆದ್ರೆ ಸ್ಟಾರ್ಟ್ ಆಗಲ್ಲ ಕಣಕ್ಕ. ಭಾವ ನಗ್ತಾರೆ ಅಂತ ಆರಿಸ್ತಾ ಇರ್ಲಿಲ್ಲ. ಅದಕ್ಕೇ ಒಳೀಕ್ ಬರ್ತಿರ್ಲಿಲ್ಲ."

"ಕತೆ ಕಟ್‌ಬ್ಯಾಡ," ಎಂದಳು ಅಕ್ಕ. "ಈಗ ತಾನೆ ಓಡಿಸ್ಕಂಡ್ ಬಂದೆ. ಎಲ್ಲಿ, ತೋರ್ಸು."

ಮತ್ತೆ ಕಾರಿನಲ್ಲಿ ಕೂತೆ. ಮುನಿರಾಜುವಿನ ಮುಂದೆ ಮಾಡಿದ ಹಾಗೆ ಇಲ್ಲಿಯೂ ಮಾಡಿಬಿಟ್ಟರೆ? ಯಾವ ಬಾಗಿಲಲ್ಲಿ ಕಾರು ಕೆಡಬಾರದೆಂದು ಹರಕೆ ಹೊತ್ತಿದ್ದೆನೋ ಅದೇ ಬಾಗಿಲಲ್ಲಿ, ದೇವರೇ, ಇದೊಂದು ಸಲ ಇದು ಹೊರಡದೆ ಇರಲಿ ಎಂದು ಬೇಡಿಕೊಂಡು ಕೀ ತಿರುಗಿಸಿದೆ. ಗರಗರ, ಗರಗರ. ಮತ್ತೊಮ್ಮೆ ತಿರುಗಿಸಿದೆ. ಎಂಜಿನ್ ಹತ್ತಲಿಲ್ಲ. ಅಷ್ಟು ಸಂತೋಷ ಆ ಕಾರು ನನಗೆ ಮತ್ತೆಂದೂ ಕೊಡಲಿಲ್ಲ.

ಅಕ್ಕ ಕಾರನ್ನೂ ನನ್ನನ್ನೂ ಬಹಳ ಹೊತ್ತು ನೋಡಿದಳು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಕ್ಕಳೋ ಅತ್ತಳೋ ನನಗೆ ತಿಳಿಯಲಿಲ್ಲ. ಭಾವ ನಗಲೇ ಇಲ್ಲ. ಪಂಚೆ ಮೇಲೆ ಕಟ್ಟಿಕೊಂಡು ಬಾನೆಟ್ ಎತ್ತಿದರು. ಮುನಿರಾಜು ಹೇಳಿಕೊಟ್ಟ ಉಪಾಯವನ್ನು ನಾನು ಹೇಳಿದೆ. ಅಕ್ಕ ತನ್ನ ಹಳೆಯ ಸೀರೆಯ ತುಂಡನ್ನು ನೀರಿನಲ್ಲಿ ಅದ್ದಿ ಹಿಂಡಿ ಕೊಟ್ಟಳು. ಪಂಪಿಗೆ ಹಾಕಿದೆವು, ಕಾದೆವು, ಪ್ರಯೋಜನವಾಗಲಿಲ್ಲ. ಕಾಯಿಲಿಗೆ ಸುತ್ತಿದೆವು, ಬಟ್ಟೆ ಹಬೆಯಾಡಿತು. ಐದು ನಿಮಿಷ ಬಿಟ್ಟು ತಿರುಗಿಸಿದರೆ ಎಂಜಿನ್ ಹತ್ತಿಕೊಂಡಿತು.

"ಕಾಯಿಲ್ ಓಗೈತೆ. ಬ್ಯಾರೆ ಆಕ್ಸು," ಎಂದರು ಭಾವ.

ಅಕ್ಕ ಗೇಟಿನಿಂದ ಒಂದು ಹೆಜ್ಜೆ ಹಿಂದೆ ಸರಿದು, ಎಂದಿನಂತೆ ನನಗೆ ದಾರಿ ಬಿಟ್ಟಳು. ನಾನು ಎಂಜಿನ್ ಆರಿಸಿ ಕೆಳಗಿಳಿದೆ.

ಒಳಗೆ ಮುದ್ದೆಗೆ ಸಾರು ಬಿಡುತ್ತಾ ಅವಳು ತಲೆ ಎತ್ತದೆ ಹೇಳಿದಳು: "ದೊಡ್ಡಪ್ಪನ ಮಗನಿಗೆ ನಾನ್ ಏಳ್ಕಂತೀನಿ. ಪುಷ್ಪನ ಕೈ ನೀನೇ ಇಡ್ಕಂಡ್ ಬಾ."