ತಿಕ್ಕಿ ತೊಳೆದ ಪಡ್ಡಿನ ಹಂಚು

ಕಳೆದ ಭಾನುವಾರ ಹೊಸ ಪಡ್ಡಿನ ಹಂಚನ್ನು ಒಲೆಯ ಮೇಲಿಟ್ಟು, ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಅದರ ಗುಳಿಗಳಿಗೆ ಉಜ್ಜುತ್ತಿದ್ದೆ. ಕಾದ ಕಬ್ಬಿಣಕ್ಕೆ ಈರುಳ್ಳಿ ತಗುಲಿ ಎದ್ದ ಆ ಸುಟ್ಟ ವಾಸನೆಗೆ ನಮ್ಮೂರು ನ್ಯಾಮತಿಯ ಎದುರುಮನೆಯ ಅಕ್ಕ ನೆನಪಾದರು...

ಇದು ಎಂಟು ವರ್ಷದ ಹಿಂದಿನ ಮಾತು, ಆಗ ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಪಿಯುಸಿ ಓದುತ್ತಿದ್ದೆ. ನಮ್ಮ ಓಣಿಯಲ್ಲಿ ಪಡ್ಡಿನ ಹಂಚು ಇದ್ದದ್ದು ಅಕ್ಕನ ಮನೆಯಲ್ಲಿ ಮಾತ್ರ. ಅವರ ಅತ್ತೆಯ ಕಾಲದ್ದು, ಬೀಡುಕಬ್ಬಿಣದ್ದು, ಒಂಬತ್ತು ಗುಳಿಯದು. ಕೇಳಿದವರಿಗೆಲ್ಲ ಕೊಡುತ್ತಿದ್ದರು. ತಂದ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು ಎಂಬುದು ನಮ್ಮ ಮನೆಯ ರೂಢಿ. ಕೊಳಕಾಗಿ ಹಿಂದಿರುಗಿಸಬಾರದು ಎಂಬುದು ನಾನು ಸೇರಿಸಿಕೊಂಡಿದ್ದ ನಿಯಮ. ಒಂದು ಶನಿವಾರ, ನಮ್ಮ ಮನೆಗೆ ತಂದಿದ್ದ ಆ ಹಂಚಿನ ಕಪ್ಪು ನನ್ನ ಕಣ್ಣಿಗೆ ಕೊಳೆಯಾಗಿ ಕಂಡಿತು. ಇಟ್ಟಿಗೆ ಪುಡಿ, ಹುಣಸೆಹಣ್ಣು, ತೆಂಗಿನ ನಾರು ಹಿಡಿದು ಒಂದು ಗಂಟೆ ತಿಕ್ಕಿದೆ. ಬೂದುಬಣ್ಣದ ಕಬ್ಬಿಣ ಹೊಳೆಯಿತು. ಒಂದು ತುಂಡು ಬೆಲ್ಲ ಇಟ್ಟು ಅಕ್ಕನ ಅಡುಗೆಮನೆಯ ಗೂಡಿನಲ್ಲಿ ಇಟ್ಟು ಬಂದೆ. ಅವರು ಹಿತ್ತಲಲ್ಲಿ ಹಿಟ್ಟು ರುಬ್ಬುತ್ತಿದ್ದರು.

ಮರುದಿನದ ಪಡ್ಡು ಎಂದಿನದಾಗಿರಲಿಲ್ಲ. ಅಕ್ಕನ ಗಂಡನ ಅಣ್ಣ ಬಿಳಿಚೋಡಿನಿಂದ ಬಂದಿದ್ದರು, ಏಳು ವರ್ಷದ ಮೇಲೆ. ತಾಯಿ ತೀರಿಕೊಂಡಾಗ ತಮ್ಮ ಕೊಟ್ಟ ತಂತಿ ತಡವಾಗಿ ಮುಟ್ಟಿ, ಅಣ್ಣ ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ಈಗ ಮಗಳ ಮದುವೆಗೆ ಕರೆಯಲೇಬೇಕಲ್ಲ ಎಂದು ಬಂದವರು, ಪತ್ರಿಕೆ ಕೊಟ್ಟು ಬೆಳಿಗ್ಗೆ ಹತ್ತರ ಬಸ್ಸಿಗೆ ಹೊರಡುವವರಿದ್ದರು. ಅಷ್ಟರೊಳಗೆ ಇಬ್ಬರೂ ಒಂದು ಮಾತಾಡಲಿ ಎಂಬುದಷ್ಟೇ ಅಕ್ಕನ ಆಸೆ. ತಾಯಿಯ ಹಂಚಿನಲ್ಲಿ ಪಡ್ಡು ಮಾಡುವುದು ಅವರ ಉಪಾಯ. ಕಾಯಿ ತುರಿಯಲು ನನ್ನನ್ನು ಕರೆದಿದ್ದರು.

ಮೊದಲ ಒಬ್ಬೆಯ ಒಂಬತ್ತು ಪಡ್ಡೂ ಹಂಚು ಬಿಟ್ಟು ಏಳಲಿಲ್ಲ. ಅಕ್ಕ ಚಮಚದಿಂದ ಕೆರೆದರೆ ಚೂರು ಬಂತು. ಎರಡನೆಯದೂ ಹಾಗೆಯೇ. ಕೆರೆಯುವ ಸದ್ದಿಗೆ ಪಡಸಾಲೆಯಲ್ಲಿ ಕೂತಿದ್ದ ಅಣ್ಣ ಎದ್ದು ಬಂದು ಬಾಗಿಲಲ್ಲಿ ನಿಂತರು.

"ಯಾರು ಇದನ್ನ ತಿಕ್ಕಿದ್ದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕಾಲು ಒತ್ತಿದರು. "ನಾನೇ ರೀ ಭಾವಾರೆ. ಜಿಡ್ಡಾಗಿತ್ತು ಅಂತ..."

"ಇಷ್ಟು ವರ್ಷ ಅಡಿಗೆ ಮಾಡಿ ಇಷ್ಟೇ ಏನವ್ವಾ ಕಲಿತಿದ್ದು? ನಮ್ಮವ್ವ ಇದಕ್ಕೆ ನೀರು ಸೋಕಾಕೆ ಬಿಡ್ತಿರಲಿಲ್ಲ. ಸರಿ ಅತ್ಲಾಗೆ. ಒಂದು ಉಳ್ಳಾಗಡ್ಡಿ ಹೆಚ್ಚಿ ಕೊಡು."

ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ಕೂತೇಬಿಟ್ಟರು. ಉರಿ ಸಾಲದಾಯಿತು. "ಏ ತಮ್ಮಾ, ನಾಕು ಸೌದೆ ತಗಂಡ್ ಬಾರೋ," ಎಂದು ಕೂಗಿದರು. ಅಕ್ಕನ ಕೈ ಹಿಟ್ಟಿನ ಪಾತ್ರೆಯಲ್ಲೇ ನಿಂತಿತು. ತಮ್ಮ ಸೌದೆ ತಂದವರು ಹೋಗದೆ ಅಲ್ಲೇ ನಿಂತರು.

"ಅವ್ವ ಮೊದ್ಲು ಬರೇ ಎಣ್ಣೆ ಹಚ್ತಿದ್ಲು. ಆಮೇಲೆ ಉಳ್ಳಾಗಡ್ಡಿ," ಎಂದರು ತಮ್ಮ.

"ನಿನಗೆ ತಿನ್ನಾಕೆ ಗೊತ್ತಿತ್ತೇ ಹೊರತು ಮಾಡಾಕೆ ಏನ್ ಗೊತ್ತಿತ್ತಲೇ?"

"ನೀನು ತಿಂದು ಉಳಿಸಿದ್ರೆ ತಾನೆ ನಾನು ತಿನ್ನೋದು."

ಅಣ್ಣ ನಗಲಿಲ್ಲ, ಆದರೆ ಗುಳಿಗಳನ್ನು ಉಜ್ಜುವ ಕೈ ನಿಧಾನವಾಯಿತು. ಹೊರಗೆ ಹತ್ತರ ಬಸ್ಸಿನ ಹಾರ್ನ್ ಕೇಳಿತು. ಯಾರೂ ಏಳಲಿಲ್ಲ. ತಮ್ಮ ನೆಲ ನೋಡುತ್ತ ಹೇಳಿದರು: "ತಂತಿ ನಾನು ಅವತ್ತೇ ಕೊಟ್ಟಿದ್ದೆ ಕಣಣ್ಣಾ. ಸಂಜಿತನಕ ನಿನ್ನ ದಾರಿ ಕಾದ್ವಿ."

ಅಣ್ಣ ಈರುಳ್ಳಿಯನ್ನು ಮತ್ತೊಮ್ಮೆ ಎಣ್ಣೆಯಲ್ಲಿ ಅದ್ದಿ ಕೊನೆಯ ಗುಳಿಯನ್ನು ಉಜ್ಜಿದರು.

"ಹಿಟ್ಟು ಹಾಕು," ಎಂದರು ಅಣ್ಣ.

ಮೂರನೆಯದೂ ಚೂರಾಯಿತು, ನಾಲ್ಕನೆಯ ಒಬ್ಬೆ ಇಡಿಯಾಗಿ ಎದ್ದಿತು. ಇಬ್ಬರೂ ಅಡುಗೆಮನೆಯ ನೆಲದಲ್ಲೇ ಕೂತು, ಕಾಯಿಚಟ್ನಿ ಹಚ್ಚಿಕೊಂಡು ಮಧ್ಯಾಹ್ನದವರೆಗೆ ತಿಂದರು. ಚೂರಾಗಿದ್ದನ್ನು ನಾನು ಮತ್ತು ಅಕ್ಕ ತಿಂದೆವು.

ಸಂಜೆ ಅಕ್ಕನಿಗೆ ಹೇಳಿದೆ: "ತಿಕ್ಕಿದ್ದು ನಾನು ಅಂತ ಹೇಳಬೇಕಿತ್ತು ಅಕ್ಕ."

"ಹೇಳಿದ್ರೆ ಏನ್ ಮಾಡ್ತಿದ್ರು? ಮಂದಿ ಮಗಳಿಗೆ ಬೈಯಾಕೆ ಆಗುತ್ತಾ? ಸುಮ್ನೆ ಚೀಲ ತಗಂಡು ಹೋಗ್ತಿದ್ರು. ಮನೆಯವಳು ಅಂತ ಬೈದ್ರು, ಬೈದಿದ್ದಕ್ಕೆ ಕೂತ್ರು." ಆಮೇಲೆ ಸ್ವಲ್ಪ ನಕ್ಕು, "ಇನ್ನೊಂದ್ ಸಲ ನನ್ನ ಹಂಚು ತಿಕ್ಕಿದ್ರೆ ನೋಡು ಮತ್ತೆ," ಎಂದರು.

ಮದುವೆಗೆ ಅಕ್ಕನ ಮನೆಯವರೆಲ್ಲ ಹೋದರು. ಹಂಚನ್ನು ಅಕ್ಕ ಮದುಮಗಳಿಗೇ ಕೊಟ್ಟು ಬಂದರು. ನಾನು ಎಂ.ಎ. ಮುಗಿಸಿ ಕೆಲಸಕ್ಕೆಂದು ಬೇರೆ ಊರಿಗೆ ಬಂದೆ. ಹೋದ ವರ್ಷ ಅಕ್ಕ ತೀರಿಕೊಂಡರು. ಅಮ್ಮನ ಕಾಗದ ನನ್ನ ಕೈಸೇರುವಷ್ಟರಲ್ಲಿ ಮಣ್ಣಾಗಿ ನಾಲ್ಕು ದಿನವಾಗಿತ್ತು. ತಡವಾಗಿ ಬಂದ ಕಾಗದದ ಮೇಲೆ ಎಂಥ ಸಿಟ್ಟು ಬರುತ್ತದೆ ಎಂದು ಅಂದು ತಿಳಿಯಿತು.

ಕಳೆದ ಭಾನುವಾರವೂ ಮೊದಲ ಮೂರು ಒಬ್ಬೆ ಚೂರಾದವು. ನನಗೆ ಅವಸರವಿರಲಿಲ್ಲ, ಹೇಗೆ ಪಳಗಿಸಬೇಕೆಂದು ಚೆನ್ನಾಗಿ ಗೊತ್ತಿತ್ತು. ನಾಲ್ಕನೆಯದು ಇಡಿಯಾಗಿ ಎದ್ದಿತು. ನಾಲ್ಕು ಪಡ್ಡನ್ನು ತಟ್ಟೆಗೆ ಹಾಕಿ, ಮೇಲೊಂದು ತಟ್ಟೆ ಮುಚ್ಚಿ, ಎದುರುಮನೆಗೆ ಕೊಡೋಣವೆಂದು ಬಾಗಿಲವರೆಗೆ ಹೋದೆ. ಈ ಊರಿಗೆ ಬಂದು ಎರಡು ವರ್ಷ. ಎದುರುಮನೆಯವರನ್ನು ಏನೆಂದು ಕರೆಯಬೇಕೋ ನನಗೆ ಇನ್ನೂ ಗೊತ್ತಿಲ್ಲ.